ಇಂಗ್ಲೆಂಡಿನಲ್ಲಿ ಹಳೇ ಮನೆ ತಗೊಂಡವರೇ, ‘ಉಚಿತ ಡ್ಯಾಂಪ್ ಸರ್ವೆ’ಯವರಿಗೆ ಬಾಗಿಲು ತೆಗೆಯಬೇಡಿ

ಗೋಡೆಯ ತೇವ (ಇಲ್ಲಿ ಡ್ಯಾಂಪ್ ಅನ್ನುತ್ತಾರೆ) ಬಿಡಿಸಲು ಕೊಟ್ಟ 3,860 ಪೌಂಡ್ ಹೋಯಿತು. ಗೋಡೆ ಇನ್ನೂ ಒದ್ದೆ. ಮೊದಲು ಇಷ್ಟು ಹೇಳಿಬಿಟ್ಟು ಆಮೇಲೆ ಉಳಿದದ್ದು ಹೇಳುತ್ತೇನೆ.

ಬರೆಯೋಕೆ ನಾಚಿಕೆಯಾಗುತ್ತಿದೆ. ಮಲೆನಾಡಿನ ಮಳೆಗಾಲ, ಚಪ್ಪಲಿಗೂ ಬೆಲ್ಟಿಗೂ ಹಿಡಿಯುವ ಬೂಷ್ಟು, ಎಲ್ಲ ನೋಡಿ ಬೆಳೆದವರು ನಾವು. ಹಾಗಿದ್ದೂ ಕೇಳಬೇಕಾದ ಒಂದೇ ಪ್ರಶ್ನೆ ಕೇಳಲಿಲ್ಲ: ನೀರು ಎಲ್ಲಿಂದ ಬರುತ್ತಿದೆ?

ಮನೆ ರೆಡಿಂಗ್‌ನಲ್ಲಿ, 1890ರ ದಶಕದ ಟೆರೇಸ್, ಅಂದರೆ ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳಲ್ಲೊಂದು. ಇಂಥ ಮನೆಗಳ ಗೋಡೆ 9 ಇಂಚಿನ ಗಟ್ಟಿ ಇಟ್ಟಿಗೆ, ನಡುವೆ ಟೊಳ್ಳು ಇರುವುದಿಲ್ಲ. ಹೊರಗಿನಿಂದಲೇ ಗೊತ್ತಾಗುತ್ತದೆ: ಒಂದೇ ಸಾಲಿನಲ್ಲಿ ಉದ್ದ ಇಟ್ಟಿಗೆ, ಗಿಡ್ಡ ಇಟ್ಟಿಗೆ, ಮತ್ತೆ ಉದ್ದ, ಮತ್ತೆ ಗಿಡ್ಡ ಅಂತ ಕಂಡರೆ ಗಟ್ಟಿ ಗೋಡೆ. ಬರೀ ಉದ್ದ ಇಟ್ಟಿಗೆಗಳೇ ಕಂಡರೆ ಸಾಮಾನ್ಯವಾಗಿ ನಡುವೆ ಟೊಳ್ಳಿರುವ ಗೋಡೆ. ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ನಮ್ಮೂರ ಹಳೇ ಮನೆಗಳ ಗಾರೆಯ ಹಾಗೇ ಅದೂ ಉಸಿರಾಡುತ್ತದೆ, ಒದ್ದೆಯಾದರೆ ಗಾಳಿಗೆ ತಾನೇ ಒಣಗುತ್ತದೆ. ಕೆಳಗಡೆ ಮರದ ಹಲಗೆಯ ನೆಲ, ಅದರಡಿ ಗಾಳಿ ಆಡಲಿ ಅಂತ ಹೊರಗೋಡೆಯ ಬುಡದಲ್ಲಿ ತೂತಿನ ಇಟ್ಟಿಗೆ, ಏರ್‌ಬ್ರಿಕ್. ಇದನ್ನೆಲ್ಲ ಈಗ ಬಾಯಿಪಾಠ ಒಪ್ಪಿಸುತ್ತೇನೆ. ಆಗ ಗೊತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಒಳಗೆ ಬಂದೆವು. ನವೆಂಬರಿನಲ್ಲಿ ಅತ್ತೆ ಮಾವ ಬಂದರು, ಹೊಸ ಮನೆಗೆ ಮೊದಲ ನೆಂಟರು. ಇಬ್ಬರಿದ್ದ ಮನೆ ನಾಲ್ಕು ಜನರದ್ದಾಯಿತು. ದಿನಾ ಬೆಳಿಗ್ಗೆ ಇಡ್ಲಿ ಹಬೆ, ಎರಡು ಹೊತ್ತು ಅನ್ನ ಸಾರು, ನಾಲ್ಕು ಸ್ನಾನ, ಬಟ್ಟೆಯೆಲ್ಲ ರೇಡಿಯೇಟರ್ ಮೇಲೆ. ಒಂದು ಲೋಡ್ ಬಟ್ಟೆ ಒಳಗೆ ಒಣಗಿದರೆ ಸುಮಾರು 2 ಲೀಟರ್ ನೀರು ಮನೆಯ ಗಾಳಿಗೆ ಸೇರುತ್ತದೆ. ಚಳಿ ಅಂತ ಕಿಟಕಿ ಮುಚ್ಚಿಟ್ಟಿದ್ದೆವು. ಡಿಸೆಂಬರ್ ಮೊದಲ ವಾರಕ್ಕೆ ನೆಂಟರ ಕೋಣೆಯ ಬೀರು ಹಿಂದೆ ಕಪ್ಪು ಬೂಷ್ಟು. ಅಡುಗೆಮನೆಯ ಹಿಂದಿನ ಗೋಡೆಯ ಬುಡದಲ್ಲಿ ಕಂದು ಕಲೆ, ಪೇಂಟ್ ಹಪ್ಪಳದ ಹಾಗೆ ಎದ್ದಿತ್ತು.

ಗಮನಿಸಿ, ಇವು ಎರಡು ಬೇರೆ ಬೇರೆ ರೋಗ. ಒಂದೇ ಅಂತ ನಮಗೆ ಮಾರಿದರು.

ಉಚಿತ ಸರ್ವೆ ಅಂತ ಬಂದ ಡ್ಯಾಂಪ್ ಕಂಪನಿಯವನು ಒಳಗಿದ್ದದ್ದು ಹೆಚ್ಚೆಂದರೆ 25 ನಿಮಿಷ. ಕೈಯಲ್ಲಿ ಎರಡು ಮೊಳೆಯ ಪುಟ್ಟ ಮೀಟರ್. ಗೋಡೆಗೆ ಒತ್ತಿದ, ಕುಂಯ್ ಅಂತು, ಕೆಂಪು ದೀಪ. ಇನ್ನೊಂದು ಕಡೆ ಒತ್ತಿದ, ಮತ್ತೆ ಕುಂಯ್. ಅತ್ತೆ ಮಾವನ ಕಡೆ ತಿರುಗಿ, ‘ವಯಸ್ಸಾದವರು ಇದೇ ಕೋಣೆಯಲ್ಲಿ ಮಲಗುತ್ತಾರಾ?’ ಅಂತ ಕೇಳಿದ. ವ್ಯಾಪಾರ ಮುಗಿದದ್ದು ಅಲ್ಲೇ. ಆಮೇಲೆ ಅವನು ಏನು ಹೇಳಿದರೂ ನಾವು ತಲೆಯಾಡಿಸುತ್ತಿದ್ದೆವು. ರೈಸಿಂಗ್ ಡ್ಯಾಂಪ್, ನೆಲದ ನೀರು ಗೋಡೆ ಹತ್ತುತ್ತಿದೆ, ಈ ಮನೆಗೆ ಡ್ಯಾಂಪ್ ಕೋರ್ಸೇ (ನೆಲದ ನೀರು ಮೇಲೇರದಂತೆ ಗೋಡೆಯ ಬುಡದಲ್ಲಿ ಹಾಕುವ ತಡೆ ಪದರ) ಇಲ್ಲ, ರಾಸಾಯನಿಕ ಇಂಜೆಕ್ಷನ್ ಕೊಟ್ಟು ಒಂದು ಮೀಟರ್ ಎತ್ತರದವರೆಗೆ ಪ್ಲಾಸ್ಟರ್ ಕಿತ್ತು ಸಿಮೆಂಟ್ ಹಾಕಬೇಕು, 20 ವರ್ಷ ಗ್ಯಾರಂಟಿ. ಆ ಮನುಷ್ಯ ಒಂದು ಸಲವೂ ಹಿತ್ತಲಿಗೆ ಹೋಗಲಿಲ್ಲ. ತಲೆಯೆತ್ತಿ ಸೂರಿನ ದಂಬೆ ನೋಡಲಿಲ್ಲ. ಹಿತ್ತಲಿಗೆ ಹೋಗಲೇ ಇಲ್ಲ!

ಹೋದವರು ಮಾವನವರು. ಬಂದ ಮರುದಿನವೇ ಹಿತ್ತಲಲ್ಲಿ ನಿಂತು, ‘ಅಂಗಳ ಒಳಗಿನ ನೆಲಕ್ಕಿಂತ ಎತ್ತರ ಇದೆಯಲ್ಲ, ಮಳೆ ನೀರು ಗೋಡೆಗೇ ಹೋಗುತ್ತೆ’ ಅಂದಿದ್ದರು. ‘ಇಲ್ಲಿನ ಪದ್ಧತಿ ಬೇರೆ ಮಾವ’ ಅಂತ ಉತ್ತರ ಕೊಟ್ಟದ್ದು ನಾನು.

ಈಗ ಆ ಮೀಟರ್ ವಿಷಯ. ಅದು ಮರಕ್ಕೆ ಮಾಡಿದ ಸಲಕರಣೆ. ಎರಡು ಮೊಳೆಗಳ ನಡುವೆ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದನ್ನು ಅಳೆದು, ಮರದ ತೇವಾಂಶದ ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ. ಗೋಡೆಯ ಬುಡಕ್ಕೆ ಹೊಡೆದ ಮರದ ಸ್ಕರ್ಟಿಂಗ್ ಹಲಗೆಗೆ ಚುಚ್ಚಿ 20ರ ಮೇಲೆ ಬಂದರೆ ಆ ಅಂಕಿಗೆ ಅರ್ಥವಿದೆ, ಹಲಗೆ ಕೊಳೆಯುವ ಅಪಾಯವಿದೆ. ಪ್ಲಾಸ್ಟರಿಗೆ ಚುಚ್ಚಿದರೆ ಆ ಶೇಕಡಾ ಲೆಕ್ಕಕ್ಕೆ ಅರ್ಥವೇ ಇಲ್ಲ. ಹಳೇ ಗೋಡೆಯಲ್ಲಿ ಉಪ್ಪು ಇರುತ್ತದೆ, ಉಪ್ಪಿದ್ದರೆ ಅಷ್ಟೇನೂ ಒದ್ದೆಯಿಲ್ಲದ ಗೋಡೆಯೂ ಕುಂಯ್ ಅನ್ನುತ್ತದೆ. ಗೋಡೆಯ ಮೇಲ್ಮೈಯಲ್ಲಿ ಹಬೆ ಕೂತಿದ್ದರೂ ಕುಂಯ್. ಗೋಡೆಯ ಹೊಟ್ಟೆಯಲ್ಲಿ ನಿಜವಾಗಿ ಎಷ್ಟು ನೀರಿದೆ ಅಂತ ಬೇಕಾದರೆ ಡ್ರಿಲ್ ಹಾಕಿ ಬೇರೆ ಬೇರೆ ಎತ್ತರದಿಂದ ಪುಡಿ ತೆಗೆಯಬೇಕು, ಕಾರ್ಬೈಡ್ ಸೀಸೆಗೆ ಹಾಕಬೇಕು. ನೀರು ತಾಗಿದರೆ ಅಸಿಟಿಲೀನ್ ಅನಿಲ ಹುಟ್ಟುತ್ತದೆ, ಒತ್ತಡ ನೋಡಿ ನೀರಿನ ಪ್ರಮಾಣ ಹೇಳುತ್ತಾರೆ. ಇದನ್ನು ಉಚಿತವಾಗಿ ಯಾರೂ ಮಾಡುವುದಿಲ್ಲ.

ಸಹಿ ಹಾಕಿದ ಕಾಗದದ ಬಗ್ಗೆ ಎರಡು ಮಾತು. ಮನೆಗೆ ಬಂದು ಮಾಡಿಸಿಕೊಂಡ ಒಪ್ಪಂದವನ್ನು 14 ದಿನದೊಳಗೆ ರದ್ದು ಮಾಡುವ ಹಕ್ಕು ಇಲ್ಲಿನ 2013ರ ಗ್ರಾಹಕ ನಿಯಮದಲ್ಲಿದೆ. ಅವನು ಎರಡನೇ ಪುಟ ಮಡಿಚಿ, ‘ನೆಂಟರು ಇದ್ದಾರಲ್ಲ, ಬೇಗ ಶುರುಮಾಡೋಣ, ಇಲ್ಲೊಂದು ಸಹಿ’ ಅಂದ. 14 ದಿನದೊಳಗೇ ಕೆಲಸ ಶುರುಮಾಡಿ ಅಂತ ನಾವೇ ಕೇಳಿಕೊಂಡ ಹಾಗೆ ಬರೆದ ಕಾಗದ ಅದು. ಹಾಗೆ ಕೇಳಿಕೊಂಡರೆ, ನಡುವೆ ರದ್ದು ಮಾಡಿದರೂ ಆದ ಕೆಲಸದ ದುಡ್ಡು ಕೊಡಲೇಬೇಕು. ಕೆಲಸ ಪೂರ್ತಿ ಮುಗಿದರೆ ರದ್ದು ಮಾಡುವ ಹಕ್ಕೇ ಇಲ್ಲ. ನಾಲ್ಕನೇ ದಿನ ಬಂದರು, ಆರನೇ ದಿನ ಮುಗಿಸಿದರು.

ಮಾಡಿದ ಕೆಲಸವೂ ನೆಟ್ಟಗಿರಲಿಲ್ಲ. ಇಂಜೆಕ್ಷನ್ ಅಂದರೆ ಗೋಡೆಗೆ ತೂತು ಕೊರೆದು ರಾಸಾಯನಿಕ ಕ್ರೀಮ್ ತುಂಬುವುದು. ಆ ತೂತುಗಳನ್ನು ಇಟ್ಟಿಗೆಗಳ ನಡುವಿನ ಅಡ್ಡ ಗಾರೆ ಸಾಲಿನಲ್ಲಿ ಕೊರೆಯಬೇಕು, ಯಾಕೆಂದರೆ ಗೋಡೆಯುದ್ದಕ್ಕೂ ಎಡೆಬಿಡದೆ ಇರುವುದು ಗಾರೆ ಮಾತ್ರ. 12 ಮಿ.ಮೀ. ತೂತು, 120 ಮಿ.ಮೀ.ಗೆ ಒಂದು, ಆಳ ಗೋಡೆಯ ಬಹುತೇಕ ದಪ್ಪದಷ್ಟು. ನಮ್ಮ ಗೋಡೆಯಲ್ಲಿ ಅರ್ಧಕ್ಕರ್ಧ ತೂತು ಇಟ್ಟಿಗೆಯ ಮುಖಕ್ಕೇ ಬಿದ್ದಿವೆ. ಕಡ್ಡಿ ಹಾಕಿ ನೋಡಿದರೆ 100 ಮಿ.ಮೀ.ಗೆ ತಳ ಸಿಗುತ್ತದೆ. ಅಂದರೆ ಅರ್ಧ ಗೋಡೆಗೆ ಮದ್ದು, ಇನ್ನರ್ಧಕ್ಕೆ ಇಲ್ಲ. ಎರಡು ದಿನ ಪ್ಲಾಸ್ಟರ್ ಒಡೆದ ಧೂಳು ಮನೆಯೆಲ್ಲ, ಹಾಸಿಗೆಯಲ್ಲಿ, ಅಕ್ಕಿ ಡಬ್ಬದಲ್ಲಿ. ನೆಂಟರನ್ನು ಆ ಧೂಳಿನಲ್ಲಿ ಕೂರಿಸಿದೆವು, ಅವರ ಆರೋಗ್ಯಕ್ಕೇ ಅಂತ ಮಾಡಿಸಿದ ಕೆಲಸಕ್ಕೆ.

ಮಾರ್ಚ್‌ನಲ್ಲಿ ಕಲೆ ವಾಪಸ್ ಬಂತು. ಹೊಸ ಸಿಮೆಂಟಿನ ಮೇಲಲ್ಲ, ಅದು ಮುಗಿಯುವ ಗೆರೆಯ ಮೇಲುಗಡೆ, ಅಳತೆ ಹಿಡಿದು ಬರೆದ ಹಾಗೆ. ಗೋಡೆಯಲ್ಲಿದ್ದ ನೀರಿಗೆ ಒಳಮುಖವಾಗಿ ಒಣಗುವ ದಾರಿಯನ್ನು ಸಿಮೆಂಟ್ ಮುಚ್ಚಿತು, ನೀರು ಮೇಲಕ್ಕೆ ಹತ್ತಿ ಹಳೇ ಗಾರೆಯಲ್ಲಿ ಹೊರಗೆ ಬಂತು.

ಇನ್ನು ಆ ಕಂಪನಿಯವರ ಉತ್ತರಗಳು. ಮೊದಲ ಮೇಲ್‌ಗೆ: ‘ಹೊಸ ಪ್ಲಾಸ್ಟರ್, ಒಣಗಲು ಸಮಯ ಬೇಕು.’ ಫೋಟೋ ಕಳಿಸಿದೆವು. ಎರಡನೆಯದಕ್ಕೆ: ‘ಇದು ರೈಸಿಂಗ್ ಡ್ಯಾಂಪ್ ಅಲ್ಲ, ಹಬೆ ತಣ್ಣಗಾಗಿ ಕೂತ ನೀರು, ಗ್ಯಾರಂಟಿಗೆ ಬರುವುದಿಲ್ಲ.’ ಮೂರನೆಯದಕ್ಕೆ: ‘ಮನೆಯಲ್ಲಿ ಎಷ್ಟು ಜನ ಇದ್ದೀರಿ? ದಿನಕ್ಕೆ ಎಷ್ಟು ಹೊತ್ತು ಅಡುಗೆ ಮಾಡುತ್ತೀರಿ? ಇದು ನಿಮ್ಮ ಜೀವನಶೈಲಿಯ ಸಮಸ್ಯೆ.’ ಜೀವನಶೈಲಿ! ಡಿಸೆಂಬರಿನಲ್ಲಿ ಇಡ್ಲಿ ಪಾತ್ರೆ ಒಲೆಯ ಮೇಲೇ ಇತ್ತು, ಅವನ ಕಣ್ಣ ಮುಂದೆಯೇ ಹಬೆಯಾಡುತ್ತಿತ್ತು. ಆಗ ನೆಲದ ನೀರು, ಈಗ ನಮ್ಮ ಇಡ್ಲಿ.

ನಾಲ್ಕನೇ ಉತ್ತರ ಎಲ್ಲಕ್ಕಿಂತ ಮಿಗಿಲು. ಗ್ಯಾರಂಟಿ ಪತ್ರದ ಹಿಂದೆ ಸಣ್ಣಕ್ಷರದಲ್ಲಿದ್ದ ಷರತ್ತನ್ನು ನಕಲು ಮಾಡಿ ಕಳಿಸಿದರು: ಹೊರಗಿನ ನೆಲ ಡ್ಯಾಂಪ್ ಕೋರ್ಸ್‌ಗಿಂತ ಕನಿಷ್ಠ 150 ಮಿ.ಮೀ. ಕೆಳಗಿರಬೇಕು, ಇಲ್ಲದಿದ್ದರೆ ಗ್ಯಾರಂಟಿ ಅನೂರ್ಜಿತ. ಸರ್ವೆ ದಿನ ಕಾಣದ ಅಂಗಳ ದುಡ್ಡು ವಾಪಸ್ ಕೇಳಿದ ದಿನ ಕಂಡಿತು.

ಆಮೇಲೆ ದುಡ್ಡು ಕೊಟ್ಟು ಸ್ವತಂತ್ರ ಸರ್ವೇಯರ್ ಒಬ್ಬರನ್ನು ಕರೆಸಿದೆವು. ಇಂಜೆಕ್ಷನ್ ಮಾರುವವರಲ್ಲ, ವರದಿ ಬರೆಯುವುದಷ್ಟೇ ಕೆಲಸ. ಅವರ ಹತ್ತಿರವೂ ಅಂಥದೇ ಎರಡು ಮೊಳೆಯ ಮೀಟರ್. ಮೊಳೆಗಳನ್ನು ತಮ್ಮ ಅಂಗೈಗೆ ಒತ್ತಿಕೊಂಡರು: ಕುಂಯ್, ಕೆಂಪು ದೀಪ. ‘ನನಗೂ ಇಂಜೆಕ್ಷನ್ ಬೇಕೇನೋ’ ಅಂದರು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಆ ಒಂದು ಕುಂಯ್ 3,860 ಪೌಂಡಿನದು.

ಹಿತ್ತಲಿಗೆ ಕರೆದುಕೊಂಡು ಹೋದರು. ಹಿಂದಿನ ಮಾಲೀಕರು ಹಳೇ ಅಂಗಳದ ಮೇಲೆಯೇ ಹೊಸ ಸ್ಲ್ಯಾಬ್ ಹಾಸಿದ್ದರು. ಏರ್‌ಬ್ರಿಕ್‌ಗಳು ಅರ್ಧ ಹೂತುಹೋಗಿದ್ದವು. ಸ್ಲ್ಯಾಬ್ ಅಂಚನ್ನು ಸ್ವಲ್ಪ ಕೆರೆದಾಗ ಗೋಡೆಯಲ್ಲಿ ತೆಳ್ಳಗೆ ಕಪ್ಪು ಸ್ಲೇಟ್ ಕಲ್ಲಿನ ಸಾಲು. ಅದೇ ಡ್ಯಾಂಪ್ ಕೋರ್ಸ್! ಈ ಮನೆಗೆ ಇಲ್ಲವೇ ಇಲ್ಲ ಅಂದದ್ದು. ಮನೆ ಕಟ್ಟಿದ ದಿನದಿಂದ ಅಲ್ಲೇ ಇತ್ತು, ಅಂಗಳದ ಕೆಳಗೆ ಹೂತಿತ್ತು, ನೀರು ಅದನ್ನು ದಾಟಿ ಒಳಗೆ ಬರುತ್ತಿತ್ತು. ಮೇಲೆ ದಂಬೆಯ ಒಂದು ಜೋಡಣೆ ಬಿಟ್ಟುಕೊಂಡು ಅದೇ ಜಾಗಕ್ಕೆ ಸೋರುತ್ತಿತ್ತು. ಅಡುಗೆಮನೆ ಗೋಡೆಯ ಕಥೆ ಇಷ್ಟು. ಮಾವ ಎರಡು ನಿಮಿಷದಲ್ಲಿ ಹೇಳಿದ್ದು.

ನೆಂಟರ ಕೋಣೆಯ ಬೂಷ್ಟು ಮಾತ್ರ ಹಬೆಯದೇ, ಒಪ್ಪುತ್ತೇನೆ. ಲೆಕ್ಕ ಸರಳ. ಒಳಗೆ 20 ಡಿಗ್ರಿ, ಗಾಳಿಯ ತೇವಾಂಶ ಶೇ. 70 ಇದ್ದರೆ 14 ಡಿಗ್ರಿ ಚಿಲ್ಲರೆಗೆ ಹಬೆ ನೀರಾಗುತ್ತದೆ. ಹೊರಗೆ 0 ಇರುವ ರಾತ್ರಿ 9 ಇಂಚಿನ ಗಟ್ಟಿ ಗೋಡೆಯ ಒಳಮೈ ಸುಮಾರು ಅಷ್ಟೇ ತಣ್ಣಗಿರುತ್ತದೆ, ಬೀರು ಹಿಂದೆ ಇನ್ನೂ ತಣ್ಣಗೆ. ಬೂಷ್ಟಿಗೆ ನೀರು ಇಳಿಯುವುದೂ ಬೇಕಿಲ್ಲ, ಗೋಡೆಯ ಮೈ ಹತ್ತಿರ ತೇವಾಂಶ ಶೇ. 80 ದಾಟಿದರೆ ಸಾಕು. ನಿಜವಾದ ರೈಸಿಂಗ್ ಡ್ಯಾಂಪ್ ಇದ್ದಲ್ಲಿ ಉಪ್ಪಿನಿಂದಾಗಿ ಕಪ್ಪು ಬೂಷ್ಟು ಸಾಮಾನ್ಯವಾಗಿ ಬೆಳೆಯುವುದೇ ಇಲ್ಲ. ಕಪ್ಪು ಬೂಷ್ಟು ತೋರಿಸಿ ಯಾರಾದರೂ ರೈಸಿಂಗ್ ಡ್ಯಾಂಪ್ ಅಂದರೆ ಅಲ್ಲೇ ಬಾಗಿಲು ತೋರಿಸಿ. ಈ ಕಾಯಿಲೆಗೆ ಬೇಕಿದ್ದದ್ದು ಫ್ಯಾನ್. ಬಚ್ಚಲಿಗೆ ಸೆಕೆಂಡಿಗೆ 15 ಲೀಟರ್ ಗಾಳಿ ಎಳೆಯುವಂಥದು, ಒಲೆಯ ಮೇಲೆ 30 ಲೀಟರಿನ ಹುಡ್. ಹುಡ್‌ನ ಕೊಳವೆ ಗೋಡೆಯಾಚೆ ಹೋಗಬೇಕು. ನಮ್ಮಲ್ಲಿದ್ದದ್ದು ಇದ್ದಿಲ ಫಿಲ್ಟರಿನದು, ಒಗ್ಗರಣೆ ವಾಸನೆ ಅಷ್ಟಿಷ್ಟು ಹಿಡಿದು ಹಬೆಯನ್ನು ವಾಪಸ್ ನಮ್ಮ ಮುಖಕ್ಕೇ ಊದುವಂಥದು. ಬೀರು ಹೊರಗೋಡೆಯಿಂದ ಒಂದು ಗೇಣು ಈಚೆಗೆ ಬಂತು.

ಈಗ ಮಾಡಿಸುತ್ತಿರುವುದು: ಗೋಡೆಯ ಪಕ್ಕದ ಸ್ಲ್ಯಾಬ್ 300 ಮಿ.ಮೀ. ಅಗಲಕ್ಕೆ ಕಿತ್ತು, ಸ್ಲೇಟ್ ಸಾಲಿಗಿಂತ 150 ಮಿ.ಮೀ. ಕೆಳಗೆ ಬರುವ ಹಾಗೆ ಅಗೆದು ಜಲ್ಲಿ ತುಂಬುವುದು. ಏರ್‌ಬ್ರಿಕ್ ಬಿಡಿಸುವುದು. ದಂಬೆ ಜೋಡಣೆ ಬದಲಾಯಿಸಿ ಆಯಿತು, ಅರ್ಧ ಗಂಟೆಯ ಕೆಲಸ. ಆಮೇಲೆ ಆ ದರಿದ್ರ ಸಿಮೆಂಟ್ ಕಿತ್ತು ಮತ್ತೆ ಸುಣ್ಣದ ಗಾರೆ. ಒದ್ದೆ ಗೋಡೆ ಇಂಚಿಗೆ ಒಂದು ತಿಂಗಳಂತೆ ಒಣಗುತ್ತದೆ ಅಂತ ಲೆಕ್ಕ, ಅಂದರೆ 9 ತಿಂಗಳು. ಯಾವ ಕ್ರೀಮೂ ಅದನ್ನು ಬೇಗ ಮಾಡುವುದಿಲ್ಲ.

ದುಡ್ಡಿನ ವಿಷಯದಲ್ಲಿ ನಾವು ಮಾಡಿದ ಇನ್ನೊಂದು ದಡ್ಡತನ ನೀವು ಮಾಡಬೇಡಿ. ಬ್ಯಾಂಕ್ ಟ್ರಾನ್ಸ್‌ಫರ್ ಮಾಡಿದೆವು, ‘ಕಾರ್ಡ್ ಮೆಷಿನ್ ಕೆಟ್ಟಿದೆ’ ಅಂದಿದ್ದಕ್ಕೆ. ಮುಂಗಡವನ್ನಾದರೂ ಕ್ರೆಡಿಟ್ ಕಾರ್ಡ್‌ನಲ್ಲಿ ಕೊಟ್ಟಿದ್ದರೆ 1974ರ ಕನ್ಸ್ಯೂಮರ್ ಕ್ರೆಡಿಟ್ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಕಾರ್ಡ್ ಕಂಪನಿಯೂ ಹೊಣೆ. ಕೆಲಸದ ಬೆಲೆ 100 ಪೌಂಡಿಗಿಂತ ಹೆಚ್ಚು, 30,000 ಮೀರದಂತೆ ಇದ್ದರೆ ಸಾಕು, ಮುಂಗಡ ಎಷ್ಟೇ ಕಡಿಮೆ ಇರಲಿ. ಈಗ ಉಳಿದಿರುವ ದಾರಿ ಸ್ಮಾಲ್ ಕ್ಲೇಮ್ಸ್, ಅಂದರೆ ಸಣ್ಣ ಮೊತ್ತದ ದಾವೆಗಳ ಕೋರ್ಟು, 10,000 ಪೌಂಡಿನವರೆಗೆ ಅಲ್ಲಿ ಕೇಳಬಹುದು. 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಲ್ಲಿ ‘ತಕ್ಕ ಎಚ್ಚರ, ಕೌಶಲದಿಂದ’ ಕೆಲಸ ಮಾಡಬೇಕು ಅಂತಿದೆ. ಇಟ್ಟಿಗೆಗೆ ಕೊರೆದ ತೂತುಗಳ ಫೋಟೋ, ಪಕ್ಕದಲ್ಲಿ ಅಳತೆ ಪಟ್ಟಿ, ಸ್ವತಂತ್ರ ವರದಿ, ಎಲ್ಲ ಸೇರಿಸಿ ಕೋರ್ಟಿಗೆ ಹೋಗುವ ಮುಂಚಿನ ಪತ್ರ ಕಳಿಸಿದ್ದೇವೆ. ಕೊಟ್ಟ 14 ದಿನದ ಗಡುವಿನಲ್ಲಿ ಇವತ್ತಿಗೆ 11 ಮುಗಿಯಿತು. ಉತ್ತರ ಬಂದಿಲ್ಲ.

ಯಾರಾದರೂ ಉಚಿತ ಸರ್ವೆ ಅಂತ ಬಂದರೆ ಮೊದಲು ಹಿತ್ತಲಿಗೆ ಕರೆದುಕೊಂಡು ಹೋಗಿ. ಬರಲ್ಲ ಅಂದರೆ ಅಲ್ಲಿಂದಲೇ ಕಳಿಸಿ. ನೆಂಟರು ಇರುವಾಗಲಂತೂ ಏನಕ್ಕೂ ಸಹಿ ಹಾಕಬೇಡಿ. ನೆಂಟರ ಮುಂದೆ ಮರ್ಯಾದೆ ಹೋಗುತ್ತದೆ ಅನ್ನುವ ನಮ್ಮ ಹೆದರಿಕೆ ಅವರಿಗೆ ಚೆನ್ನಾಗಿ ಗೊತ್ತು.

ಮಾವ ಫೋನ್ ಮಾಡಿದಾಗಲೆಲ್ಲ ‘ಅಂಗಳ ತಗ್ಗಿಸಿದ್ರಾ?’ ಅಂತ ಕೇಳುತ್ತಾರೆ. ಶನಿವಾರ ಜಲ್ಲಿ ಬರುತ್ತದೆ.