ಅಪ್ಪ ಅಮ್ಮನ ಜೊತೆ ನೋಡಬೇಕಾದ ಜಾಗ: ಓಸ್ಲೋದ ವಿಗೆಲಾಂಡ್ ಪಾರ್ಕ್

ನಾರ್ವೆಗೆ ಹೋದವರು ಹಡಗು, ಫ್ಯೋರ್ಡ್ (ಬೆಟ್ಟಗಳ ನಡುವೆ ಒಳನುಗ್ಗಿದ ಕಡಲು) ಅಂತ ಓಡಿಬಿಡುತ್ತಾರೆ. ಓಸ್ಲೋದಲ್ಲಿ ಅರ್ಧ ದಿನ ಉಳಿಸಿಕೊಂಡು ವಿಗೆಲಾಂಡ್ ಪಾರ್ಕ್ ನೋಡಿ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರಂತೂ ಬಿಡಲೇಬೇಡಿ. ಟಿಕೆಟ್ ಇಲ್ಲ, ಹಗಲು ರಾತ್ರಿ ತೆರೆದಿರುತ್ತದೆ, 12ನೇ ನಂಬರ್ ಟ್ರಾಮ್ ಹತ್ತಿದರೆ ಗೇಟಿನ ಹತ್ತಿರವೇ ಇಳಿಯಬಹುದು.

ಇಲ್ಲಿರುವ 200ಕ್ಕೂ ಹೆಚ್ಚು ಶಿಲ್ಪಗಳು ನಾರ್ವೆಯ ಶಿಲ್ಪಿ ಗುಸ್ತಾವ್ ವಿಗೆಲಾಂಡ್ ಒಬ್ಬರದ್ದೇ. 1921ರಲ್ಲಿ ನಗರಸಭೆ ಅವರಿಗೆ ಸ್ಟುಡಿಯೋ, ಮನೆ ಕೊಡಲು ಒಪ್ಪಿತು, ಅದಕ್ಕೆ ಬದಲಾಗಿ ಅವರು ತಮ್ಮ ಕೆಲಸವನ್ನೆಲ್ಲ ಊರಿಗೆ ಬರೆದುಕೊಟ್ಟರು. 1943ರಲ್ಲಿ ತೀರಿಕೊಳ್ಳುವವರೆಗೂ ಇದರಲ್ಲೇ ಮುಳುಗಿದ್ದರು.

ಹೆಚ್ಚುಕಡಿಮೆ ಎಲ್ಲಾ ಬೆತ್ತಲೆ ಮೂರ್ತಿಗಳು. ಗೊಮ್ಮಟನನ್ನು ನೋಡಿ ಬೆಳೆದ ನಮಗೆ ಮುಜುಗರ ಯಾಕೆ, ಅಲ್ವಾ? ಬಟ್ಟೆ ಇಲ್ಲದ್ದರಿಂದ ಯಾವ ಕಾಲದವರು, ಬಡವರೋ ಶ್ರೀಮಂತರೋ ಗೊತ್ತಾಗುವುದಿಲ್ಲ. ವಯಸ್ಸು ಮಾತ್ರ ಕಾಣುತ್ತದೆ.

ಸೇತುವೆ ಮೇಲೆ ಕಾಲು ಅಪ್ಪಳಿಸಿ ಅಳುವ ಸಿಟ್ಟಿನ ಹುಡುಗನ ಮುಂದೆ ಯಾವಾಗಲೂ ಗುಂಪು. ಮುಟ್ಟಿ ಮುಟ್ಟಿ ಅವನ ಎಡಗೈ ಹೊಳೆಯುತ್ತಿದೆ, ದಯವಿಟ್ಟು ನೀವು ಮುಟ್ಟಬೇಡಿ. ಟೂರ್ ಬಸ್ಸಿನಲ್ಲಿ ಬಂದವರು ಇಲ್ಲೊಂದು ಫೋಟೊ, ಮೊನೊಲಿತ್ ಅನ್ನುವ ಕಲ್ಲುಕಂಬದ ಮುಂದೊಂದು ಫೋಟೊ ತೆಗೆದು ಹೊರಟುಬಿಡುತ್ತಾರೆ. ನನಗೆ ತುಂಬಾ ಬೇಜಾರಾಗುವುದು ಇದೇ, ಯಾಕೆಂದರೆ ಇಡೀ ಪಾರ್ಕಿನ ಜೀವ ಇರುವುದು ನಡುವಿನ ಕಾರಂಜಿಯಲ್ಲಿ. ಸುತ್ತ 20 ಕಂಚಿನ ಮರಗಳು, ಒಂದರಲ್ಲಿ ಮಕ್ಕಳು, ಇನ್ನೊಂದರಲ್ಲಿ ಹರೆಯದವರು, ಮುಂದೆ ಹೋದಂತೆ ಮುದುಕರು, ಆಮೇಲೆ ಕೊಂಬೆಗಳ ನಡುವೆ ಒಂದು ಅಸ್ಥಿಪಂಜರ. ಕೆಳಗಿನ ಕಟ್ಟೆಯಲ್ಲಿ 60 ಉಬ್ಬುಚಿತ್ರಗಳಿವೆ, ಬಗ್ಗಿ ನೋಡಬೇಕು. ಸಾವು ಬಂದಲ್ಲಿಗೆ ಕಥೆ ನಿಲ್ಲುವುದಿಲ್ಲ, ಮತ್ತೆ ಮಗುವಿನಿಂದ ಶುರುವಾಗುತ್ತದೆ. ಒಂದು ಸುತ್ತು ಪೂರ್ತಿ ಬನ್ನಿ, ಅವಸರ ಮಾಡಬೇಡಿ.

ಮೊನೊಲಿತ್ ಅಂದರೆ ಒಂದೇ ಗ್ರಾನೈಟ್ ಬಂಡೆಯಲ್ಲಿ ಕೆತ್ತಿದ ಕಂಬ, ಎತ್ತರ 14 ಮೀಟರ್. ಅದರಲ್ಲಿ 121 ಜನ ಒಬ್ಬರನ್ನೊಬ್ಬರು ಅಪ್ಪಿಕೊಂಡು, ತುಳಿದುಕೊಂಡು ಮೇಲಕ್ಕೆ ಹೋಗುತ್ತಿದ್ದಾರೆ. ಮಾದರಿ ವಿಗೆಲಾಂಡ್ ಮಾಡಿದ್ದು, ಕಲ್ಲಿಗೆ ಇಳಿಸಿದ್ದು ಮೂವರು ಕಲ್ಲುಕುಟಿಗರು, ಅದಕ್ಕೆ ಸುಮಾರು 14 ವರ್ಷ ಹಿಡಿಯಿತು. ಅವರ ಶ್ರಮವನ್ನೂ ನೆನೆಯಬೇಕು. ಆದರೆ ನನಗೆ ಕಂಬಕ್ಕಿಂತ ಜಾಸ್ತಿ ಹಿಡಿಸಿದ್ದು ಅದರ ಸುತ್ತಲಿನ 36 ಗ್ರಾನೈಟ್ ಗುಂಪುಗಳು. ಅಲ್ಲಿ ಮುದುಕ ಮುದುಕಿಯರು ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದಾರೆ. ಅವರನ್ನು ಚೆಂದ ಮಾಡಿಲ್ಲ, ಅಯ್ಯೋ ಪಾಪ ಅನ್ನಿಸುವ ಹಾಗೂ ಮಾಡಿಲ್ಲ. ನಮ್ಮಮ್ಮ ಹೆಚ್ಚು ಹೊತ್ತು ನಿಂತಿದ್ದು ಅವರ ಮುಂದೆಯೇ. ಮುಪ್ಪನ್ನು ಊರ ನಡುವೆ, ಮಕ್ಕಳು ಹತ್ತಿ ಆಡುವ ಜಾಗದಲ್ಲಿ ಹೀಗೆ ತೆರೆದಿಟ್ಟಿರುವುದು ನನಗೆ ದೊಡ್ಡ ಗೌರವ ಅನ್ನಿಸಿತು.

ಮೊನೊಲಿತ್ ಹತ್ತಿರ ಹೋಗಲು ಮೆಟ್ಟಿಲು ಹತ್ತಬೇಕು, ಮಂಡಿ ನೋವಿದ್ದವರು ನಿಧಾನವಾಗಿ ಹತ್ತಲಿ. ಅದರ ಹಿಂದಿರುವ 'ಜೀವನ ಚಕ್ರ' ಅನ್ನುವ ಶಿಲ್ಪದವರೆಗೂ ನಡೆಯಿರಿ, ಅಲ್ಲಿ ಜನ ಕಡಿಮೆ. ಸಮಯವಿದ್ದರೆ ವಿಗೆಲಾಂಡ್ ಅವರ ಸ್ಟುಡಿಯೋ ಆಗಿದ್ದ ಮ್ಯೂಸಿಯಂಗೂ ಹೋಗಿ. ಅದಕ್ಕೆ ಟಿಕೆಟ್ ಇದೆ, ಒಳಗೆ ಪ್ಲಾಸ್ಟರ್ ಮಾದರಿಗಳನ್ನು ಹತ್ತಿರದಿಂದ ನೋಡಬಹುದು. ಚಳಿಗಾಲದಲ್ಲಾದರೆ ಬೇಗ ಕತ್ತಲಾಗುತ್ತದೆ, ಬೆಳಗ್ಗೆಯೇ ಹೊರಡಿ.