ಮಾಹಿ ಮಾಹಿ ಮೀನು: ಹಂಚು, ಸಾರು, ಬಾಳೆ ಎಲೆ, ಏರ್ ಫ್ರೈಯರ್, ಯಾವುದರಲ್ಲಿ ಚಲೋ?

ನಮ್ಮ ಹುಬ್ಬಳ್ಳಿ ಮನೆಯಲ್ಲಿ ಸಮುದ್ರದ ಮೀನು ಅಂದರೆ ಬಂಗಡೆ, ಇಲ್ಲಾಂದ್ರೆ ಇಸ್ವಾಣ. ಹೋದ ತಿಂಗಳು ಗಣೇಶಪೇಟೆಯಲ್ಲಿ ಇಸ್ವಾಣದ ರೇಟು ಕೇಳಿ ಹಿಂದೆ ಸರಿದೆ. ಆಗ ಮೀನು ಮಾರುವ ಅಕ್ಕ ಪಕ್ಕದ ಐಸಿನೊಳಗಿಂದ ಒಂದು ಉದ್ದನೆಯ ಮೀನು ಎತ್ತಿ ತೋರಿಸಿದರು. "ಇದನ್ನ ಒಯ್ಯಿರಿ ಅಣ್ಣಾರ, ಮಾಹಿ ಮಾಹಿ ಅಂತಾರ್ರಿ ಇದಕ್ಕ. ಮುಳ್ಳ ಭಾಳ ಇಲ್ಲ, ಹುಡುಗರಿಗೂ ಕೊಡಬಹುದು." ಹಣೆ ಗೋಡೆಯ ಹಾಗೆ ನೆಟ್ಟಗಿತ್ತು, ತಲೆಯಿಂದ ಬಾಲದ ಹತ್ತಿರದವರೆಗೂ ಒಂದೇ ಉದ್ದ ರೆಕ್ಕೆ. ಹಣೆ ಹೀಗೆ ನೆಟ್ಟಗಿದ್ದರೆ ಗಂಡು, ದುಂಡಗಿದ್ದರೆ ಹೆಣ್ಣು.

ಇದಕ್ಕೆ ಡಾಲ್ಫಿನ್ ಫಿಶ್ ಅನ್ನೋ ಹೆಸರೂ ಇದೆ. ಅದನ್ನು ಕೇಳಿದ ಕೂಡಲೇ ನನ್ನ ಮಗಳು ಊಟವೇ ಬೇಡ ಅಂದಳು. ನಿಜವಾದ ಡಾಲ್ಫಿನ್‌ಗೂ ಇದಕ್ಕೂ ಸಂಬಂಧವಿಲ್ಲ, ಇದು ಕಿವಿರಿನಲ್ಲಿ ಉಸಿರಾಡುವ ಮೀನೇ ಅಂತ ಕಿವಿರು ತೆರೆದು ತೋರಿಸಿದ ಮೇಲೆ ಒಪ್ಪಿಕೊಂಡಳು. ಮಾಹಿ ಮಾಹಿ ಹವಾಯಿಯವರ ಮಾತು, ಬಲಶಾಲಿ ಅಂತ ಅರ್ಥ.

ಎರಡು ಭಾನುವಾರ ಈ ಮೀನು ತಂದು ನಾಲ್ಕು ರೀತಿ ಮಾಡಿ ನೋಡಿದೆ. ಎಲ್ಲ ತುಂಡೂ ಒಂದು ಇಂಚು ದಪ್ಪ. ಸಾರು ಬಿಟ್ಟು ಉಳಿದದ್ದಕ್ಕೆಲ್ಲ ಮೊದಲು ಉಪ್ಪುನೀರು: ಒಂದು ಲೀಟರಿಗೆ 30 ಗ್ರಾಂ ಉಪ್ಪು, 15 ನಿಮಿಷ ನೆನೆಸಿ, ಬಟ್ಟೆಯಿಂದ ಒತ್ತಿ ಒರೆಸಿದ್ದು. ಇದನ್ನು ಬಿಡಬೇಡಿ. ಬಂಗಡೆಯಲ್ಲಿ ಕೊಬ್ಬು ಇರುವುದರಿಂದ ನಾಲ್ಕು ನಿಮಿಷ ಜಾಸ್ತಿ ಬೆಂದರೂ ಏನೂ ಆಗಲ್ಲ. ಮಾಹಿಯಲ್ಲಿ ಕೊಬ್ಬು ಬಹಳ ಕಡಿಮೆ, ಎರಡು ನಿಮಿಷ ಮೀರಿದರೂ ಹತ್ತಿ ಜಗಿದ ಹಾಗೆ ಆಗುತ್ತದೆ. ಉಪ್ಪುನೀರಲ್ಲಿ ನೆನೆದ ತುಂಡು ಒಳಗಿನ ರಸ ಅಷ್ಟು ಸುಲಭವಾಗಿ ಬಿಡಲ್ಲ.

ಚರ್ಮ ದಪ್ಪ. ಬಿಸಿ ತಾಗಿದ ಕೂಡಲೇ ಮುದುಡಿ ತುಂಡನ್ನೂ ಬಗ್ಗಿಸುತ್ತದೆ, ಅಂಗಡಿಯಲ್ಲೇ ತೆಗೆಸಿ. ಮಾಂಸದ ನಡುವೆ ಕಪ್ಪು ಕೆಂಪು ಪಟ್ಟಿ ಕಾಣುತ್ತದಲ್ವಾ, ಮೀನಿನ ವಾಸನೆ ಜಾಸ್ತಿ ಇರುವುದು ಅಲ್ಲೇ. ಮೊದಲ ವಾರ ಹಾಗೇ ಬಿಟ್ಟಿದ್ದೆ, ಎರಡನೇ ವಾರ ಚಾಕುವಿನಿಂದ ಕೆತ್ತಿ ತೆಗೆದೆ. ಅಷ್ಟಕ್ಕೇ ರುಚಿ ಸಿಹಿಯಾಯಿತು, ನನಗೇ ನಂಬಲಾಗಲಿಲ್ಲ.

ಗೆದ್ದದ್ದು ಕಬ್ಬಿಣದ ಹಂಚು. ರೊಟ್ಟಿ ಸುಡುವ ಅದೇ ಹಂಚು. ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಅರಿಶಿನ, ಚೂರು ಹುಣಸೆಹುಳಿ ಗಟ್ಟಿಯಾಗಿ ರುಬ್ಬಿ ತೆಳ್ಳಗೆ ಸವರಿದೆ. ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ, ಹಾಗಾಗಿ ಈ ಮೀನಿನ ಸಣ್ಣ ರುಚಿಯನ್ನು ಮುಚ್ಚಲ್ಲ. ಅರ್ಧ ತುಂಡುಗಳಿಗೆ ರವೆ ಹಚ್ಚಿದೆ, ಅರ್ಧಕ್ಕೆ ಅಕ್ಕಿ ಹಿಟ್ಟು ಸುಮ್ನೆ ಉದುರಿಸಿದೆ. ರವೆಯದು ಗರಿಗರಿ ಆಯಿತು ನಿಜ, ಆದರೆ ಎಣ್ಣೆ ಕುಡಿಯಿತು, ಬಾಯಿಗೆ ರವೆಯೇ ಸಿಕ್ಕಿತು, ಮೀನು ಸಿಗಲಿಲ್ಲ. ಅಕ್ಕಿ ಹಿಟ್ಟಿನದು ತೆಳ್ಳಗೆ ಸಿಪ್ಪೆ ಕಟ್ಟಿ, ಒಳಗೆ ಬಿಳಿ ಎಸಳುಗಳು ಒಂದೊಂದೇ ಬಿಡಿಸಿಕೊಂಡು ಬಂದವು. ಶೇಂಗಾ ಎಣ್ಣೆ ಎರಡು ಚಮಚ, ಹಂಚು ಚೆನ್ನಾಗಿ ಕಾದ ಮೇಲೆ ಒಂದು ಕಡೆ ಮೂರೂವರೆ ನಿಮಿಷ, ಮಗುಚಿ ಎರಡೂವರೆ. ನಡುವೆ ಮುಟ್ಟಬೇಡಿ. ಹಂಚಿಗೆ ಅಂಟಿಕೊಂಡಿದೆ ಅಂದರೆ ಇನ್ನೂ ಆಗಿಲ್ಲ ಅಂತ, ಆದಾಗ ತಾನೇ ಬಿಡುತ್ತದೆ. ಅಡುಗೆ ಥರ್ಮಾಮೀಟರ್ ಚುಚ್ಚಿದಾಗ 60 ಡಿಗ್ರಿ ಇತ್ತು, ಇಳಿಸಿ ತಟ್ಟೆಯಲ್ಲಿಟ್ಟ ಮೇಲೆ ತಾನೇ 63ಕ್ಕೆ ಏರಿತು. ಥರ್ಮಾಮೀಟರ್ ಇಲ್ಲದಿದ್ದರೆ ತುಂಡಿನ ಬದಿ ನೋಡುತ್ತಿರಿ. ಗಾಜಿನಂತೆ ಕಾಣುವ ಮಾಂಸ ಕೆಳಗಿನಿಂದ ಬೆಳ್ಳಗಾಗುತ್ತ ಅರ್ಧ ದಾಟಿದಾಗ ಮಗುಚಿದರೆ ಸರಿ.

ಸಾರಿನ ಕಥೆ ಬೇರೆ. ಮೊದಲ ಸಲ ಇಸ್ವಾಣದ ರೂಢಿಯಲ್ಲಿ ಮಸಾಲೆ ಜೊತೆಗೇ ತುಂಡು ಹಾಕಿ ಹದಿನೈದು ನಿಮಿಷ ಕುದಿಸಿದೆ, ಸಾರು ಚೆನ್ನಾಗಿತ್ತು, ಮೀನು ಮಾತ್ರ ನಾರು ನಾರು, ಅವ್ವ ಎರಡು ತುತ್ತು ತಿಂದು ತುಂಡನ್ನು ತಟ್ಟೆಯ ಅಂಚಿಗೆ ಸರಿಸಿಬಿಟ್ಟರು, ನನಗೆ ಬಹಳ ಬೇಜಾರಾಯಿತು. ಎರಡನೇ ಸಲ ತಲೆ ಮತ್ತು ನಡುಮುಳ್ಳು ಮೊದಲು ಇಪ್ಪತ್ತು ನಿಮಿಷ ಕುದಿಸಿ ಸೋಸಿಕೊಂಡೆ. ಆ ನೀರಿಗೆ ಕಾಯಿ, ಬ್ಯಾಡಗಿ, ಧನಿಯಾ ರುಬ್ಬಿದ್ದು, ಜಜ್ಜಿದ ತಿರ್ಫಳ (ಕರಾವಳಿಯ ಘಮದ ಮಸಾಲೆ ಕಾಯಿ) ಆರು, ಮುರುಗಲು (ಕೋಕಂ) ನಾಲ್ಕು ಹಾಕಿ ಕುದಿಸಿ, ಉರಿ ಪೂರಾ ಸಣ್ಣ ಮಾಡಿದ ಮೇಲೆ ಮೀನು ಬಿಟ್ಟೆ. ಐದು ನಿಮಿಷ, ಮುಚ್ಚಳ ಮುಚ್ಚಿ, ಒಲೆ ಆರಿಸಿ, ಹತ್ತು ನಿಮಿಷ ಹಾಗೇ. ಸಾರಿಗೆ ದಪ್ಪ ಬಂತು, ಮೀನೂ ಮೆತ್ತಗೆ ಉಳಿಯಿತು. ಅನ್ನಕ್ಕೆ ಇದಕ್ಕಿಂತ ಬೇರೆ ಬೇಡ. ರೊಟ್ಟಿಗೆ ಮಾತ್ರ ಹಂಚಿನದೇ.

ಬಾಳೆ ಎಲೆಯಲ್ಲಿ ಕೊತ್ತಂಬರಿ ಚಟ್ನಿ ಸವರಿ ಇಡ್ಲಿ ಪಾತ್ರೆಯಲ್ಲಿ ಹತ್ತು ನಿಮಿಷ ಬೇಯಿಸಿದ್ದು ನಾಲ್ಕರಲ್ಲಿ ಅತಿ ಮೆತ್ತಗಿತ್ತು, ಅವ್ವನಿಗೆ ಅದೇ ಹಿಡಿಸಿತು. ನನಗೆ ಸುಟ್ಟ ವಾಸನೆ ಇಲ್ಲದೆ ಏನೋ ಕಡಿಮೆ ಅನಿಸಿತು.

ಏರ್ ಫ್ರೈಯರ್ ಈ ಮೀನಿಗೆ ಬೇಡ. 200 ಡಿಗ್ರಿಯಲ್ಲಿ ಒಂಬತ್ತು ನಿಮಿಷಕ್ಕೆ ಅಂಚು ಒಣಗಿತ್ತು. 180ಕ್ಕೆ ಇಳಿಸಿ, ಎಣ್ಣೆ ಸವರಿ ಏಳು ನಿಮಿಷ ಇಟ್ಟೆ. ಒಳಗೆ ಸರಿಯಾಯಿತು, ಹೊರಗೆ ಬಣ್ಣವೇ ಬರಲಿಲ್ಲ.

ಕೊಳ್ಳುವಾಗ ಒಂದು ಮಾತು, ಇದು ರುಚಿಗಿಂತ ದೊಡ್ಡದು. ಜೀವ ಇದ್ದಾಗ ಹೊನ್ನು, ಹಸಿರು, ನೀಲಿ ಹೊಳೆಯುವ ಈ ಮೀನು ಸತ್ತ ಮೇಲೆ ಬೇಗ ಬೂದು ಬಣ್ಣಕ್ಕೆ ತಿರುಗುತ್ತದೆ, ಹಾಗಾಗಿ ಬಣ್ಣ ನೋಡಿ ತಾಜಾ ಅಲ್ಲ ಅನ್ನಬೇಡಿ. ಕಣ್ಣು ಉಬ್ಬಿರಬೇಕು, ಕಿವಿರು ಕೆಂಪಗಿರಬೇಕು, ಮುಖ್ಯವಾಗಿ ಐಸಿನೊಳಗೆ ಹೂತಿರಬೇಕು. ಅಂಕೋಲಾ ಕಡೆಯಿಂದ ಘಟ್ಟ ಹತ್ತಿ ಯಲ್ಲಾಪುರ ದಾಟಿ ಬರುವ ಮೀನು ದಾರಿಯಲ್ಲಿ ಬೆಚ್ಚಗಾದರೆ ಮಾಂಸದಲ್ಲಿ ಹಿಸ್ಟಮಿನ್ ಅನ್ನೋ ಅಲರ್ಜಿಯಂಥ ತೊಂದರೆ ಕೊಡುವ ವಸ್ತು ಸೇರುತ್ತದೆ, ಎಷ್ಟು ಬೇಯಿಸಿದರೂ ಅದು ಹೋಗಲ್ಲ. ತಿಂದರೆ ಮುಖ ಕೆಂಪಾಗಿ ಉರಿಯುತ್ತದೆ, ತಲೆ ನೋಯುತ್ತದೆ. ಹಿಂದೊಮ್ಮೆ ಬೇರೆ ಕಡೆ ತಂದ ಮೀನಿನ ಮೊದಲ ತುತ್ತಿಗೇ ನಾಲಿಗೆ ಕಾಳುಮೆಣಸು ಕಚ್ಚಿದ ಹಾಗೆ ಚುರುಗುಟ್ಟಿತ್ತು, ಎಲ್ಲರ ತಟ್ಟೆಯಿಂದಲೂ ಎತ್ತಿ ಚೆಲ್ಲಿದೆ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ 61 ದಿನ ನಿಷೇಧ ಇರುವಾಗ ಫ್ರೀಜ್ ಮಾಡಿದ್ದೇ ಸಿಕ್ಕರೆ ಹೆದರಬೇಡಿ, ಆದರೆ ಅದನ್ನು ಕಟ್ಟೆಯ ಮೇಲಿಟ್ಟು ಕರಗಿಸಬೇಡಿ, ರಾತ್ರಿಯಿಡೀ ಫ್ರಿಜ್‌ನಲ್ಲೇ ಕರಗಲಿ.

ಹಂಚಿನ ಮೀನು ಎರಡು ತುಂಡು ಉಳಿದಿತ್ತು. ಬಿಸಿ ಮಾಡಿದರೆ ಒಣಗುತ್ತದೆ ಅಂತ ಫ್ರಿಜ್‌ನಿಂದ ತೆಗೆದ ಹಾಗೇ ಎಸಳು ಬಿಡಿಸಿ, ಹಸಿ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ನಿಂಬೆರಸ ಕಲಸಿ ಸೋಮವಾರ ಬೆಳಿಗ್ಗೆ ಬಿಸಿ ಜೋಳದ ರೊಟ್ಟಿಯೊಳಗೆ ಸುತ್ತಿ ಕೊಟ್ಟೆ. ಡಾಲ್ಫಿನ್ ಅಂತ ಬೇಡ ಅಂದಿದ್ದ ಮಗಳು ಡಬ್ಬಿಗೆ ಇನ್ನೊಂದು ಹಾಕಿಸಿಕೊಂಡು ಹೋದಳು.