ಮರದ ಕೌಂಟರ್‌ಟಾಪಿಗೆ ಸ್ಥಳೀಯ ಗಟ್ಟಿಮರ: ಹಲವು ವರ್ಷ ಬಳಸಿದ ಮೇಲೆ ಬರೆದ ವಿಮರ್ಶೆ

ಅಡುಗೆಮನೆಯ ಕೌಂಟರ್‌ಟಾಪನ್ನು ಮರದಲ್ಲಿ ಸ್ವತಃ ಮಾಡಿಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಜಾತಿಯ ಮರ ಒಳ್ಳೆಯದು ಎಂದು. ಅಂಥ ಕೌಂಟರಿನ ಮೇಲೆ ಹಲವು ವರ್ಷಗಳಿಂದ ದಿನವೂ ಅಡುಗೆ ಮಾಡುತ್ತಿರುವ ನನ್ನ ಅನುಭವದಲ್ಲಿ, ಆ ಮರವನ್ನು ಕೊಯ್ದು ಒಣಗಿಸಿದವರು ಯಾರು ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ನಮ್ಮ ಮನೆಯಲ್ಲಿ ಒಂದೇ ಜಾತಿಯ ಮರ, ವೈಟ್ ಓಕ್, ಇಬ್ಬರು ಮಾರಾಟಗಾರರಿಂದ ಬಂದಿದೆ. ಸಿಂಕ್ ಇರುವ ಉದ್ದನೆಯ ಕೌಂಟರಿನ ಹಲಗೆಗಳನ್ನು ಸ್ವಂತ ಕಿಲ್ನ್ (ಮರ ಒಣಗಿಸುವ ಬಿಸಿಕೋಣೆ) ಇಟ್ಟುಕೊಂಡಿರುವ ಒಂದು ಸಣ್ಣ ಸಾಮಿಲ್ಲಿನಿಂದ ತಂದೆವು. ಎದುರುಗೋಡೆಯ ಚಿಕ್ಕ ಕೌಂಟರಿನ ಹಲಗೆಗಳನ್ನು ದೊಡ್ಡ ಟಿಂಬರ್ ಮಳಿಗೆಯೊಂದರಿಂದ ತಂದೆವು. ಅಂಟು, ಎಣ್ಣೆ, ಕೂರಿಸಿದ ಕ್ರಮ ಎಲ್ಲವೂ ಒಂದೇ. ಮೊದಲನೆಯದು ಇಂದಿಗೂ ಸಮತಟ್ಟಾಗಿದೆ. ಎರಡನೆಯದು ಮೊದಲ ಒಣಹವೆ ಬೀಸಿದ ಕೂಡಲೇ ನಡುವೆ ತಗ್ಗಾಗಿ, ಒಂದು ತುದಿಯಲ್ಲಿ ಉದ್ದಕ್ಕೆ ಸೀಳಿಕೊಂಡಿತು.

ಎರಡೂ ಕಡೆ ಮಾರಿದ್ದು ‘ಒಣಗಿದ ಮರ’ ಎಂದೇ. ಮಳಿಗೆಯ ಹಲಗೆಯಲ್ಲಿ ಉಳಿದಿದ್ದ ದಪ್ಪ ತುಂಡನ್ನು ಆಮೇಲೆ ನಡುವೆ ಅಡ್ಡಲಾಗಿ ಕೊಯ್ದು ಮೊನೆಯಿರುವ ತೇವಮಾಪಕವನ್ನು ಚುಚ್ಚಿದಾಗ ಹೊರಮೈ ಶೇ. 9 ತೋರಿಸಿತು, ಒಳಭಾಗ ಶೇ. 15 ತೋರಿಸಿತು. ಅದೇ ತುಂಡನ್ನು ಉದ್ದಕ್ಕೆ ಸೀಳುವಾಗ ಗರಗಸ ಹಾದುಹೋದ ಸೀಳು ಹಿಂದಿನಿಂದ ಮುಚ್ಚಿಕೊಳ್ಳುತ್ತ ಅಲಗನ್ನು ಹಿಡಿದುಕೊಂಡಿತು. ಅವಸರದಲ್ಲಿ ಒಣಗಿಸಿದ ಮರದಲ್ಲಿ ಹೊರಪದರ ಮೊದಲೇ ಬಿಗಿದುಕೊಂಡು, ಒಳಗಿನ ತೇವ ಹಿಂದುಳಿದು, ಎರಡರ ನಡುವೆ ಸೆಳೆತ ಉಳಿಯುವುದರ ಲಕ್ಷಣ ಇದು. ಮರ ಉದ್ದದಲ್ಲಿ ಕುಗ್ಗುವುದು ಲೆಕ್ಕಕ್ಕಿಲ್ಲದಷ್ಟು ಕಡಿಮೆ, ಆದರೆ ಅಗಲದಲ್ಲಿ ಹಾಗಲ್ಲ. 60 ಸೆಂ.ಮೀ. ಅಗಲದ, ಸಾದಾ ಕೊಯ್ತದ (ದಿಂಡನ್ನು ಪದರಪದರವಾಗಿ ಕೊಯ್ದ) ವೈಟ್ ಓಕ್ ಹಾಸು ಶೇ. 4ರಷ್ಟು ತೇವ ಕಳೆದುಕೊಂಡರೆ ಸುಮಾರು 8ರಿಂದ 9 ಮಿ.ಮೀ. ಕುಗ್ಗುತ್ತದೆ, ತೇಗವಾದರೆ ಅದರ ಅರ್ಧದಷ್ಟು. ಅಷ್ಟು ಚಲನೆಯನ್ನು ಯಾವ ಅಂಟೂ ಯಾವ ಸ್ಕ್ರೂವೂ ತಡೆಯಲಾರದು.

ಸಾಮಿಲ್ಲಿನವರು ಮೆಚ್ಚುಗೆಯಾದದ್ದು ಈ ವಿಷಯದಲ್ಲಿಯೇ. ತೇವ ಎಷ್ಟಿದೆ ಎಂದು ಕೇಳಿದಾಗ ಬಾಯಿಮಾತಿನ ಭರವಸೆ ಕೊಡದೆ, ಅಟ್ಟಿಯ ನಡುವಿನ ಹಲಗೆಯೊಂದನ್ನು ಎಳೆದು, ತುದಿಯಿಂದ ಒಂದು ಅಡಿ ಕತ್ತರಿಸಿ ತೆಗೆದು, ಹೊಸದಾಗಿ ಕಾಣಿಸಿಕೊಂಡ ಮೈಯ ಮೇಲೆ ಮಾಪಕ ಇಟ್ಟು ತೋರಿಸಿದರು. ಹಲಗೆಯ ತುದಿಗಳು ಬೇಗ ಒಣಗುವುದರಿಂದ ಅಲ್ಲಿ ಅಳೆದ ಅಂಕಿಗೆ ಅರ್ಥವಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಬಯಲಿನಲ್ಲಿ ಒಣಗಿಸುವುದಾದರೆ ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷ ಎಂಬ ಹಳೆಯ ಲೆಕ್ಕವಿದೆ. ಅವರು ಮರವನ್ನು ಮೊದಲು ಸೂರಿನಡಿ ಕಾಯಲು ಬಿಟ್ಟು, ಆಮೇಲಷ್ಟೇ ಕಿಲ್ನಿಗೆ ಹಾಕುತ್ತಾರೆ. ಅಟ್ಟಿಯಲ್ಲಿ ಹಲಗೆ ಹಲಗೆಗಳ ನಡುವೆ ಇಟ್ಟ ಪಟ್ಟಿಗಳು ಮೇಲಿನಿಂದ ಕೆಳಗಿನವರೆಗೆ ಒಂದೇ ನೇರದಲ್ಲಿದ್ದವು, ತುದಿಗಳಿಗೆ ಮೇಣ ಬಳಿದಿತ್ತು. ಮಾತಿಗಿಂತ ಮೊದಲು ನೋಡಬೇಕಾದದ್ದು ಇದನ್ನೇ, ಏಕೆಂದರೆ ಪಟ್ಟಿಗಳು ಅಡ್ಡಾದಿಡ್ಡಿಯಾಗಿರುವ ಕಡೆ ಹಲಗೆ ನೇರವಾಗಿ ಸಿಗುವುದು ಅಪರೂಪ.

ಇಂಥವರನ್ನು ಹುಡುಕುವುದು ಸುಲಭವಲ್ಲ. ಅನೇಕ ಸಣ್ಣ ಸಾಮಿಲ್ಲುಗಳಿಗೆ ಬೋರ್ಡೂ ಇರುವುದಿಲ್ಲ, ಜಾಹೀರಾತೂ ಇರುವುದಿಲ್ಲ. ನಮಗೆ ವಿಳಾಸ ಕೊಟ್ಟವರು ಪೀಠೋಪಕರಣ ಮಾಡುವ ಬಡಗಿಯೊಬ್ಬರು. ಮೇಜು, ಬೀರು ಮಾಡಿ ಹೊಟ್ಟೆ ಹೊರೆಯುವವರು ತಿರುಚಿಕೊಳ್ಳುವ ಮರ ಕೊಡುವವನ ಬಳಿಗೆ ಎರಡನೆಯ ಸಲ ಹೋಗುವುದಿಲ್ಲ, ಆದ್ದರಿಂದ ಅವರ ಶಿಫಾರಸಿಗೆ ಬೆಲೆಯಿದೆ. ಕಡಗೋಲು, ಬಟ್ಟಲು ಕಡೆಯುವವರು, ವಾದ್ಯ ಮಾಡುವವರು, ಬಿದ್ದ ಮರಗಳನ್ನು ತೆರವು ಮಾಡುವ ಗುತ್ತಿಗೆದಾರರು ಕೂಡ ತಿಳಿದಿರುತ್ತಾರೆ. ಊರೊಳಗೆ ಬಿದ್ದ ಮರದಿಂದ ಕೊಯ್ದ ಹಲಗೆಗಳಲ್ಲಿ ಮೊಳೆ, ತಂತಿ ಹುದುಗಿರಬಹುದಾದ್ದರಿಂದ ಲೋಹಶೋಧಕ ಆಡಿಸಿದ್ದಾರೆಯೇ ಎಂದು ಕೇಳಲೇಬೇಕು.

ಇನ್ನು ಹಲಗೆ ಆರಿಸಿಕೊಳ್ಳುವ ಸ್ವಾತಂತ್ರ್ಯ. ಮಳಿಗೆಯಲ್ಲಿ ಕಟ್ಟು ಬಿಚ್ಚಲು ಒಪ್ಪಲಿಲ್ಲ. ಸಾಮಿಲ್ಲಿನಲ್ಲಿ ಒಂದೊಂದನ್ನೂ ಎತ್ತಿ, ಕಣ್ಣಿನ ಮಟ್ಟಕ್ಕೆ ಹಿಡಿದು, ತುದಿಯಿಂದ ತುದಿಗೆ ನೋಡಿ ಆರಿಸಿಕೊಳ್ಳಲು ಬಿಟ್ಟರು. ದಿಂಡಿನ ನಟ್ಟನಡುವಿನ ತಿರುಳು ಸೇರಿದ ಹಲಗೆ ಬಿರುಕುಬಿಡುವುದು ಬಹುಮಟ್ಟಿಗೆ ಖಚಿತ, ಅದನ್ನು ಬಿಡಬೇಕು. ಹೊರಗಿನ ಬಿಳಿಮರ ಬೇಗ ಕೊಳೆಯುತ್ತದೆ, ಹುಳಕ್ಕೂ ಪ್ರಿಯ, ಸಿಂಕಿನ ಸುತ್ತ ಅದು ಬೇಡವೇ ಬೇಡ. ಅಲ್ಲಿಗೆ ಬಿಳಿಮರದ ಒಳಗಿರುವ ಗಾಢಬಣ್ಣದ ಮರ, ಅಂದರೆ ಚೇಗು ಮಾತ್ರ. ಓಕ್ ಕೊಳ್ಳುವವರು ಕೆಂಪು ಓಕನ್ನೂ ವೈಟ್ ಓಕನ್ನೂ ಬೇರ್ಪಡಿಸಿ ನೋಡುವುದು ಅಗತ್ಯ. ವೈಟ್ ಓಕಿನ ಚೇಗಿನಲ್ಲಿ ನಾಳಗಳು ಮುಚ್ಚಿಕೊಂಡಿರುವುದರಿಂದಲೇ ಅದರಲ್ಲಿ ಪೀಪಾಯಿ ಮಾಡುತ್ತಾರೆ. ಕೆಂಪು ಓಕಿನ ಸಣ್ಣ ತುಂಡಿನ ಒಂದು ತುದಿಯನ್ನು ನೀರಿನಲ್ಲಿ ಅದ್ದಿ ಇನ್ನೊಂದು ತುದಿಯಿಂದ ಜೋರಾಗಿ ಊದಿದರೆ ನೀರಿನಲ್ಲಿ ಗುಳ್ಳೆ ಏಳುತ್ತದೆ. ಅಂಥ ಮರ ಸಿಂಕಿನ ಪಕ್ಕದಲ್ಲಿ ನೀರು ಹೀರದೆ ಇರುವುದಿಲ್ಲ.

ಅಳತೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಬೋರ್ಡ್ ಫೂಟ್ ಎಂದರೆ 144 ಘನ ಅಂಗುಲ, ಅಂಥ 12 ಸೇರಿದರೆ ಒಂದು ಘನ ಅಡಿ. ಒರಟು ಹಲಗೆಯನ್ನು ನೇರ ಮಾಡಿ, ತೋಪಡಾ ಹಾಯಿಸಿ, ಗಂಟು ತೆಗೆಯುವಷ್ಟರಲ್ಲಿ ಕಾಲುಭಾಗ ಹೋಗುತ್ತದೆಂದು ಲೆಕ್ಕ ಹಾಕಿಯೇ ಕೊಳ್ಳಬೇಕು. ಉತ್ತರ ಅಮೆರಿಕದ ಗಟ್ಟಿಮರದ ವ್ಯಾಪಾರದಲ್ಲಿ ಅತ್ಯುತ್ತಮ ಎನಿಸಿದ ಎಫ್‌ಎಎಸ್ ಶ್ರೇಣಿಯ ಹಲಗೆಯಲ್ಲಿ ಕನಿಷ್ಠ ಶೇ. 83ರಷ್ಟು, ನಂ. 1 ಕಾಮನ್ ಶ್ರೇಣಿಯಲ್ಲಿ ಕನಿಷ್ಠ ಶೇ. 66ರಷ್ಟು ದೋಷವಿಲ್ಲದ ಮರ ಸಿಗಬೇಕೆಂಬ ನಿಯಮವಿದೆ. ಕೌಂಟರ್‌ಟಾಪನ್ನು ಕಿರಿದಾದ ಪಟ್ಟಿಗಳನ್ನು ಅಂಟಿಸಿಯೇ ಮಾಡುವುದರಿಂದ ಎರಡನೆಯ ಶ್ರೇಣಿಯೇ ಸಾಕು. ಇದನ್ನು ಸಾಮಿಲ್ಲಿನವರೇ ಹೇಳಿ ಕಡಿಮೆ ಬೆಲೆಯ ಅಟ್ಟಿಯತ್ತ ಕರೆದೊಯ್ದರು, ಆ ಪ್ರಾಮಾಣಿಕತೆಯನ್ನು ಇಲ್ಲಿ ದಾಖಲಿಸಲೇಬೇಕು.

ಬಳಕೆಯಲ್ಲಿ ಕಂಡದ್ದು: ಒದ್ದೆಯಾದ ಕಬ್ಬಿಣದ ಬಾಣಲೆಯನ್ನು ರಾತ್ರಿಯಿಡೀ ಇಟ್ಟ ಜಾಗದಲ್ಲಿ ಕಪ್ಪು ಬಳೆ ಮೂಡುತ್ತದೆ. ಓಕಿನಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಆಗುವ ಕಲೆ ಅದು. ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಆಕ್ಸಾಲಿಕ್ ಆಮ್ಲದ ದ್ರಾವಣಕ್ಕೆ ಮಾತ್ರ ಹೋಗುತ್ತದೆ. ಅದು ವಿಷಕಾರಿಯಾದ್ದರಿಂದ ಕೈಗವಸು ಹಾಕಿಕೊಂಡು ಬಳಿದು, ಆಮೇಲೆ ಚೆನ್ನಾಗಿ ತೊಳೆಯಬೇಕು. ಟಂಗ್ ಎಣ್ಣೆಯನ್ನು ಮೇಲ್ಮೈಗೂ ಕೆಳಮೈಗೂ ಸಮನಾಗಿ ಹಚ್ಚಿದ್ದೇವೆ, ಒಂದು ಮೈ ಮಾತ್ರ ತೇವ ಎಳೆದುಕೊಂಡರೆ ಒಳ್ಳೆಯ ಮರವೂ ಬಾಗುತ್ತದೆ. ಸಿಂಕಿನ ಅಂಚಿನಲ್ಲಿ ಕೊಯ್ದ ಎಳೆಗಳ ಬಾಯಿ ತೆರೆದಿರುವ ಕಡೆ ಎಣ್ಣೆ ಬೇಗ ಬತ್ತುತ್ತದೆ; ಅಲ್ಲಿ ಬಣ್ಣ ಬೂದಿಗೆ ತಿರುಗುತ್ತಿದ್ದಂತೆ ಉಪ್ಪುಕಾಗದ ಆಡಿಸಿ ಮತ್ತೆ ಹಚ್ಚುತ್ತೇವೆ. ಅಗಸೆ ಎಣ್ಣೆ ಬಳಸುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯದೆ ಬಿಡಿಸಿ ಒಣಹಾಕಬೇಕು, ಮುದ್ದೆಯಾಗಿದ್ದರೆ ಅದು ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಹಾಸನ್ನು ಕೆಳಗಿನ ಚೌಕಟ್ಟಿಗೆ ಉದ್ದುದ್ದ ರಂಧ್ರಗಳ ಮೂಲಕ ಸ್ಕ್ರೂ ಹಾಕಿ ಹಿಡಿಸಿದ್ದರಿಂದ ಅದು ಹಿಗ್ಗಿ ಕುಗ್ಗಲು ಜಾಗವಿದೆ.

ಸೀಳಿದ ಚಿಕ್ಕ ಕೌಂಟರಿನ ಬಗ್ಗೆ ಮಳಿಗೆಯವರು ‘ಮರ ಎಂದರೆ ಹಾಗೆಯೇ’ ಎಂದರು. ಸಿಂಕಿನ ಪಕ್ಕದಲ್ಲೇ ನೀರಿನ ಹೊಡೆತ ತಿನ್ನುತ್ತಿರುವ ಇನ್ನೊಂದು ಕೌಂಟರ್ ನೆಟ್ಟಗಿರುವಾಗ ಆ ಮಾತನ್ನು ಒಪ್ಪಲು ಸಾಧ್ಯವಿಲ್ಲ. ಅದನ್ನು ತೆಗೆದು ಹೊಸದನ್ನು ಕೂರಿಸಲು ಅದೇ ಸಾಮಿಲ್ಲಿಗೆ ಹೇಳಿದ್ದೇವೆ. ಈ ಸಲ ಕ್ವಾರ್ಟರ್ ಕೊಯ್ತದ, ಅಂದರೆ ಮರದ ಬೆಳವಣಿಗೆಯ ಉಂಗುರಗಳು ಹಲಗೆಯ ಮೈಗೆ ನೆಟ್ಟಗೆ ಬರುವಂತೆ ಕೊಯ್ದ, ಕುಗ್ಗುವಿಕೆ ಸಾದಾ ಕೊಯ್ತದ ಅರ್ಧದಷ್ಟಿರುವ ಹಲಗೆಗಳನ್ನೇ ಕೇಳಿದ್ದೇವೆ. ಅವು ಇನ್ನೂ ಕಿಲ್ನಿನಲ್ಲಿವೆ, ತೇವದ ಅಂಕಿ ಇಳಿಯುವವರೆಗೆ ಕೊಡುವುದಿಲ್ಲ ಎಂದಿದ್ದಾರೆ.